ಕೊನೆಯ ಪೇಪರಿನ ದಿನ ಬಂದ ಅಯ್ಯನವರು

ಆ ಸೋಮವಾರ ಬೆಳಿಗ್ಗೆ ಎಂದಿನಂತೆ ಸ್ನಾನ, ಲಿಂಗಪೂಜೆ ಮುಗಿಸಿ ಒಲೆ ಹಚ್ಚಿದೆ. ನಿಲಂಗಾದಿಂದ ಉದಗೀರಕ್ಕೆ ಹೋಗುವ ಬಸ್ಸಿಗೆ ಇನ್ನೂ ಹೊತ್ತಿತ್ತು. ಜೀರಿಗೆ ಡಬ್ಬಿಗೆ ಆನಿಸಿಟ್ಟ ಟಿಪ್ಪಣಿಗಳನ್ನು ಓದುತ್ತಲೇ ರೊಟ್ಟಿ ಬಡಿದೆ. ಎಂ.ಎ. ಇಂಗ್ಲಿಷಿನ ಕೊನೆಯ ಪೇಪರು: ಎರಡನೇ ಮಹಾಯುದ್ಧದ ನಂತರದ ಅಮೆರಿಕದ ಬದುಕು, ಬರಹ. ಅದೊಂದು ಮುಗಿದರೆ ನಾನು ಓದಿದ ಕಾನ್ವೆಂಟಿನಲ್ಲೇ ಪಾಠ ಹೇಳಲು ಕರೆಯುವುದಾಗಿ ಸಿಸ್ಟರ್ ಮಾತು ಕೊಟ್ಟಿದ್ದರು. ಆ ಜಾಗಕ್ಕೆ ಅವರು ಇನ್ನೊಂದು ವರ್ಷ ಕಾಯುವಂತಿರಲಿಲ್ಲ.

ಪುಸ್ತಕಗಳಲ್ಲಿ ನನಗೆ ಹಿಡಿಸಿದ್ದು ಸಣ್ಣ ಸಂಗತಿಗಳು. ಯುದ್ಧದಿಂದ ಮರಳಿದ ಸಿಪಾಯಿಗಳು ಹೆಂಡತಿ ಮಕ್ಕಳ ಸಮೇತ ವಿಶ್ವವಿದ್ಯಾಲಯದ ತಗಡಿನ ಮನೆಗಳಲ್ಲಿದ್ದು ಓದಿದರಂತೆ. ಒಣಹಾಕಿದ ಕೂಸಿನ ಬಟ್ಟೆ ಸರಿಸಿಕೊಂಡು ತರಗತಿಗೆ ಹೋಗುತ್ತಿದ್ದರಂತೆ. ಅವರ ಪ್ರಬಂಧಗಳನ್ನು ಹೆಂಡಂದಿರು ಕೂತು ಟೈಪು ಮಾಡುತ್ತಿದ್ದರಂತೆ. ಇದನ್ನು ಹೇಳಿದಾಗ ನನ್ನವರು ನಕ್ಕಿದ್ದರು.

"ಹಂಗಾರ ನಿನ್ನ ಪೇಪರ್ ನಾ ಟೈಪ್ ಮಾಡ್ಲೇನು? ಬಟ್ಟಿ ಅಂಗಡ್ಯಾಗ ಕೂತು ಅದೊಂದು ಕೆಲಸ ಉಳದದ. ಮಾಸ್ತರ್ತಿ ಆದ್ಮ್ಯಾಲ ನನ್ನ ಬೆಂಚಿನ ಮ್ಯಾಲ ನಿಲ್ಲಸ್ತಿ ನೋಡು!"

ಫೀಸು ಕಟ್ಟಿದವರೂ, ಬಸ್ ಸ್ಟ್ಯಾಂಡಿಗೆ ಬಿಟ್ಟು ಬರುತ್ತಿದ್ದವರೂ ಅವರೇ.

ಹಾಲ್ ಟಿಕೆಟ್ಟನ್ನು ಪರ್ಸಿನಲ್ಲಿಡುವಾಗ ಬಾಗಿಲಲ್ಲಿ ಪಾದುಕೆಯ ಸದ್ದಾಯಿತು. ಮಠದ ಅಯ್ಯನವರು.

ನಮ್ಮಲ್ಲಿ ಅಯ್ಯನವರು ಕರೆಯದೆ ಪ್ರಸಾದಕ್ಕೆ ಬರುವುದಿಲ್ಲ. ಹಿಂದಿನ ದಿನ ಮನೆಯವರೊಬ್ಬರು ಮಠಕ್ಕೆ ಹೋಗಿ ಕೈಮುಗಿದು ಬಿನ್ನಹ ಹೇಳಬೇಕು. ಫೋನಿನಲ್ಲಿ ನಡೆಯದು. ಬಂದ ಮೇಲೆ ಗಂಡ ಹೆಂಡತಿ ಜೊತೆಗೆ ಕೂತು ಪಾದ ತೊಳೆಯಬೇಕು. ಅವರ ಊಟವಾಗುವ ತನಕ ಸೊಸೆ ಹೊಸಿಲು ದಾಟುವಂತಿಲ್ಲ.

"ಅಯ್ಯ, ಹುಗ್ಗಿಗೆ ಗೋಧಿ ಸುದ್ದಾ ನೆನಿ ಹಾಕಿಲ್ಲಲ್ಲವಾ!" ಎನ್ನುತ್ತ ಅತ್ತೆಯವರು ಗಡಬಡಿಸಿ ಕಂಬಳಿ ಹಾಸಿದರು.

ಅಡುಗೆಮನೆಯಲ್ಲಿ ನನ್ನವರನ್ನು ಕೇಳಿದೆ. "ಯಾರ್ರೀ ಕರದವರು? ಇವತ್ತ ನನ್ನ ಪೇಪರ್ ಅದ."

"ಅವ್ವ ಹೇಳಿರಬೇಕು. ದಿನಾ ಮಠಕ್ಕ ಹೋಗ್ತಾಳ, ಶ್ರಾವಣ ಬ್ಯಾರೆ. ಈಗೇನ್ ಮಾಡ್ಲಾಕ ಆಗ್ತದ? ಮುಂದಿನ ವರ್ಷ ಬರದ್ರಾತು ಬಿಡು."

ಅವರ ಮೈಮೇಲೆ ಆಗಲೇ ಮಡಿಧೋತರವಿತ್ತು, ಇಸ್ತ್ರಿಯ ಗೆರೆ ಇನ್ನೂ ಮುರಿದಿರಲಿಲ್ಲ. ಅಂಗಡಿಗೆ ಹೋಗುವ ದಿನ ಅವರು ಅಷ್ಟು ಹೊತ್ತಿಗೆ ಪ್ಯಾಂಟು ಹಾಕಿರುತ್ತಿದ್ದರು. ನೋಡಿದೆ, ನೋಡಿಯೂ ಬಿಟ್ಟೆ.

ಪಾದ ತೊಳೆದೆವು. ಅತ್ತೆ ಅವಸರದಲ್ಲಿ ರವೆಯ ಸಜ್ಜಕ ಮಾಡಿದರು. ನಾನು ಬಡಿಸಿದೆ. ಅಯ್ಯನವರು ನಿಧಾನವಾಗಿ ಉಂಡರು. ಅವರದೇನು ತಪ್ಪು? ಅವರು ಕೈ ತೊಳೆಯುವ ಹೊತ್ತಿಗೆ ಉದಗೀರದಲ್ಲಿ ಪ್ರಶ್ನೆಪತ್ರಿಕೆ ಹಂಚಿಯೂ ಆಗಿತ್ತು.

ಆಮೇಲೆ ಅತ್ತೆಯವರ ಜೊತೆ ನಾನು ಮಾತಾಡಲಿಲ್ಲ. ಗೋಧಿಯ ಮಾತೆಲ್ಲ ನಾಟಕ ಅಂದುಕೊಂಡೆ. ಮಧ್ಯಾಹ್ನ ಅವರು ಚಹಾ ತಂದು ನನ್ನ ಮಗ್ಗುಲಲ್ಲಿಟ್ಟರು, ಮೇಲೆ ತಾಟು ಮುಚ್ಚಿ. ಕೆನೆಗಟ್ಟುವ ತನಕ ನಾನು ಅದನ್ನು ಮುಟ್ಟಲಿಲ್ಲ.

ಸಂಜೆ ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಪಕ್ಕದ ಮನೆಯ ಹಿರಿಯಾಕೆ, ಓಣಿಗೆಲ್ಲ ಕಾಕು, ಗೋಡೆಯಾಚೆಯಿಂದ ಇಣುಕಿದರು. ಬೆಳಗಿನ ಧೋತರ ತಂತಿಯ ಮೇಲೆ ಇನ್ನೂ ಹಸಿಯಿತ್ತು.

"ಪ್ರಸಾದ ಛಲೋ ಆತೇನವಾ? ಇವತ್ತಿನ ಬಿನ್ನಹ ಖರೇ ಅಂದ್ರ ನಮ್ದಿತ್ತು. ನಿನ್ನಿ ಮಠದಾಗ ನಿನ್ನ ಗಂಡ ಗಂಟು ಬಿದ್ದ ನೋಡು. 'ಕಾಕು, ಈ ಸೋಮಾರ ನಮಗ ಬಿಡ್ರಿ, ನಮ್ಮಾಕಿ ಭಾಳ ಹಟ ಹಿಡದಾಳ' ಅಂದ. ಹೋಗ್ಲಿ ಅಂತ ಬಿಟ್ಟಿವಿ. ಸಜ್ಜಕ ಉಳದಿದ್ರ ಒಂದು ವಾಟಿ ಕೊಡು."