ಕುಡಿಯದೆ ಗುಂಡಿ ತೋಡುವ ಚಿನ್ನಪ್ಪ

"ಕುಡೀದೆ ಗುಂಡಿಗೆ ಇಳಿಯೋಕೆ ಯಾರ್ಲಾ ಹೇಳಿದ್ದು ನಿಂಗೆ? ನಿಮ್ಮಪ್ಪ ಕುಡಿದ, ನಿಮ್ ತಾತ ಕುಡಿದ. ನಿಂದೇನ್ಲಾ ಹೊಸ ಶಾಸ್ತ್ರ?"

ಉದ್ದನಪಲ್ಲಿ ಬಳಿಯ ಒಂದು ಊರಿನ ಸ್ಮಶಾನ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬ್ರಾಂದಿ ಬಾಟಲಿ ಹಿಡಿದು ಕೂಗಾಡುತ್ತಿರುವವರು ವೆಂಕಟರಮಣಪ್ಪ. ಅವರ ಅಪ್ಪ ನಿನ್ನೆ ತೀರಿಕೊಂಡಿದ್ದಾರೆ. ಮೊಣಕಾಲುದ್ದದ ಗುಂಡಿಯಲ್ಲಿ ಗುದ್ದಲಿ ಹಿಡಿದು ನಿಂತವನು ಚಿನ್ನಪ್ಪ.

"ಬುಟ್ಬುಟ್ಟಿದೀನಿ ಕಣಣ್ಣ."

"ನಮ್ಮಪ್ಪ ನಿನ್ ಜೊತೇಲಿ ಕೂತು ಕುಡಿದೋನು."

"ಹೂಂ. ಅದ್ಕೇ ಇವತ್ತು ತೋಡ್ತಿದೀನಿ."

ಈ ಊರಿನಲ್ಲಿ ಗುಂಡಿ ತೋಡುವವನಿಗೆ ಸತ್ತವರ ಮನೆಯವರು ಕುಡಿಸಬೇಕು. ಅದು ಕೂಲಿಯಲ್ಲ, ಋಣ. ಅವನು ಕುಡಿಯದಿದ್ದರೆ ಋಣ ಹರಿಯಲಿಲ್ಲವೆಂದು ನೆಂಟರು ಆಡಿಕೊಳ್ಳುತ್ತಾರೆ. ಹೀಗೆ ಊರಿನ ಸಾವಿಗೆಲ್ಲ ಕುಡಿದು ಚಿನ್ನಪ್ಪ ಸಾವಿಲ್ಲದ ದಿನವೂ ಕುಡಿಯತೊಡಗಿದ. ಕೊನೆಗೆ ಹೆಂಡತಿ ಪಾಪಮ್ಮ ಆಸ್ಪತ್ರೆಗೆ ಎಳೆದೊಯ್ದಳು. ಮಾತ್ರೆ ಕೊಟ್ಟು ಕುಡಿತ ಬಿಡಿಸಿದರು. ಭಯ ಬಿಡಲಿಲ್ಲ.

"ಸುಮ್ನೆ ಕೂತಿದ್ರೂ ಎದೆ ಡವಡವ ಅಂತದೆ. ಯಾರೋ ಅಟ್ಟಿಸ್ಕೊಂಡು ಬಂದಂಗೆ. ತಿರುಗಿ ನೋಡಿದ್ರೆ ಯಾರೂ ಇರಲ್ಲ. ಒಂದು ಗುಟುಕು ಹಾಕಿದ್ರೆ ನಿಂತೋಗ್ತದೆ ಅಂತ ಗೊತ್ತು. ಅದೇ ಮೋಸ" ಎನ್ನುತ್ತಾನೆ.

ಸಾವಿಲ್ಲದ ದಿನ ಗುಲಾಬಿ ತೋಟದಲ್ಲಿ ಹೂ ಕೊಯ್ಯುತ್ತಾನೆ. ಅಲ್ಲಿ ಕೈ ನಡುಗಿದರೆ ಮುಳ್ಳೇ ಬುದ್ಧಿ ಹೇಳುತ್ತದೆ. ಗುಂಡಿಯಲ್ಲಿ ಭಯ ಹತ್ತಿದರೆ ಗುದ್ದಲಿ ಒರಗಿಸಿ, ಹಿಡಿ ಹಸಿಮಣ್ಣು ತೆಗೆದು ಹಿಂಡುತ್ತಾ ಉಸಿರು ನಿಧಾನಕ್ಕೆ ಬಿಡುತ್ತಾನೆ. ಮಣ್ಣು ಬೆಚ್ಚಗಾಗುವ ಹೊತ್ತಿಗೆ ಎದೆ ಹತೋಟಿಗೆ ಬರುತ್ತದೆ. ನೋಡಿದವರು ಸೋಮಾರಿ ಎನ್ನುತ್ತಾರೆ. ಕುಡಿದು ಗುಂಡಿಯಲ್ಲೇ ಬಿದ್ದಿರುತ್ತಿದ್ದ ಕಾಲದಲ್ಲಿ ಯಾರೂ ಹಾಗೆ ಅನ್ನಲಿಲ್ಲ. ಆಗಲೂ ಈಗಲೂ ಅವನು ಗುಂಡಿಯನ್ನು ಅರ್ಧಕ್ಕೆ ಬಿಟ್ಟವನಲ್ಲ.

ಅವನ ಆಸೆ ದೊಡ್ಡದೇನಲ್ಲ. "ಕೊಡ್ಲೇಬೇಕು ಅನ್ನೋರು ಒಂದು ಲೋಟ ಕಾಫಿ ಕೊಡ್ಲಿ. ಋಣ ತೀರ್ತು ಅಂತ ನಾನೇ ಹೇಳ್ತೀನಿ."

ಇವತ್ತೂ ಅದನ್ನೇ ಹೇಳಿ ಅಗೆಯುತ್ತಾನೆ. ಗುಂಡಿ ಸೊಂಟಕ್ಕೆ ಬರುವಾಗ ನೆಂಟರು ಸೇರುತ್ತಾರೆ. ಅವರೆದುರು ವೆಂಕಟರಮಣಪ್ಪನಿಗೆ ತಡೆಯಲಾಗುವುದಿಲ್ಲ.

"ನೀನು ಕುಡೀದಿದ್ರೆ ಗುಂಡಿ ಕುಡೀಲಿ" ಎಂದು ಬಾಟಲಿ ಬಗ್ಗಿಸುತ್ತಾರೆ.

ವಾಸನೆ ಗಪ್ಪೆಂದು ಏಳುತ್ತದೆ. ಚಿನ್ನಪ್ಪ ಬಗ್ಗಿ ಹಿಡಿ ಮಣ್ಣು ತೆಗೆಯುತ್ತಾನೆ. ಮಣ್ಣೂ ಬ್ರಾಂದಿ ನಾರುತ್ತದೆ. ಅದನ್ನು ಕೆಳಗೆ ಹಾಕಿ, ಮೇಲೆ ಹತ್ತಿ ಬಂದು, ಅಂಗೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾನೆ.

"ಮಿಕ್ಕಿದ್ದು ನೀವೇ ತೋಡ್ಕೊಳ್ಳಿ ಅಣ್ಣ. ನಾನು ಬದುಕಬೇಕು."

ಗುದ್ದಲಿಯನ್ನು ಅಲ್ಲೇ ಬಿಟ್ಟು ಗುಲಾಬಿ ತೋಟದ ದಾರಿ ಹಿಡಿಯುತ್ತಾನೆ. ಹಿಂದಿನಿಂದ ಕೂಗುತ್ತಾರೆ, ಬೈಯುತ್ತಾರೆ. ವೆಂಕಟರಮಣಪ್ಪ ಬಹಳ ಹೊತ್ತು ದಾರಿ ನೋಡಿ, ಅಂಗಿ ಬಿಚ್ಚಿ, ಗುಂಡಿಗೆ ತಾವೇ ಇಳಿಯುತ್ತಾರೆ. ಚಿನ್ನಪ್ಪ ತಿರುಗಿ ಬರುವುದಿಲ್ಲ.