ಕುರ್ಚಿಯ ಮೇಲಿನ ತೆಂಗಿನಕಾಯಿ

ಹೊಸ ಚಕ್ರವನ್ನು ಮೊದಲು ಹತ್ತಿದವರು ಮನುಷ್ಯರಲ್ಲ, ಮರಳಿನ ಮೂಟೆಗಳು.

ವಿಶಾಖಪಟ್ಟಣದಲ್ಲಿ ಸಮುದ್ರದ ದಂಡೆಗೆ ಒಂದು ಆಟದ ಪಾರ್ಕು ಇತ್ತು. ಅದರ ಗೇಟಿನಲ್ಲಿ ಹೆಂಗಸರ ಸಾಲಿಗೆ ಒಂದು ಹಸಿರು ಪರದೆ, ಪರದೆಯ ಒಳಗೆ ನಾನು. ಬಂದವರ ಮೈ ತಡವಿ, ಚೀಲ ಬಿಚ್ಚಿ ನೋಡಿ ಒಳಗೆ ಬಿಡುವುದು ನನ್ನ ಕೆಲಸ. ಬಾಂಬಿನ ಭಯ ಊರೂರಿಗೆ ಹಬ್ಬಿದ ವರ್ಷಗಳು ಅವು. ಸಿನಿಮಾ ಟಾಕೀಸಿನಲ್ಲೂ ಚೀಲ ಬಿಚ್ಚಿಸುತ್ತಿದ್ದರು.

ಪರದೆ ಒಂದು ಕಡೆ ಹರಿದಿತ್ತು. ಆ ಹರಕಿನಲ್ಲಿ ಹೊಸ ಚಕ್ರ, ಜನ ತೊಟ್ಟಿಲಲ್ಲಿ ಕೂತು ಸುತ್ತುವ ದೊಡ್ಡ ಚಕ್ರ, ಕಾಣುತ್ತಿತ್ತು. ಅದರ ಸುತ್ತ ತಗಡಿನ ಬೇಲಿ ಕಟ್ಟಿ ಬೋರ್ಡು ಹೊಡೆದಿದ್ದರು. ನಾನು ಶಾಲೆಗೆ ಹೋದದ್ದು ಮೂರನೇ ಇಯತ್ತೆವರೆಗೆ. ತೆಲುಗಿನ ಅಕ್ಷರ ನಮ್ಮ ಅಕ್ಷರದ ಹಾಗೇ ಇರುತ್ತವೆ, ತಲೆಕಟ್ಟು ಮಾತ್ರ ಬೇರೆ. ಒಂದೊಂದಾಗಿ ಕೂಡಿಸಿ ಓದಿದೆ. ‘ತ್ವರಲೋ’ ಅಂತ ಇತ್ತು. ಬೇಗ ಬರುತ್ತದೆ ಅಂತ ಅರ್ಥ. ಮಳೆ ಹೋಗಿ ಚಳಿ ಬಂದರೂ ಆ ಬೇಗ ಬರಲಿಲ್ಲ.

ಚಳಿಗಾಲದ ಬೆಳಗ್ಗೆ ಸಮುದ್ರದ ಮೇಲಿಂದ ಮಂಜು ಬಂದು ಚಕ್ರದ ಕೆಳಗಿನ ಅರ್ಧವನ್ನು ನುಂಗಿಬಿಡುತ್ತಿತ್ತು. ಮೇಲಿನ ಅರ್ಧ ಯಾವುದಕ್ಕೂ ಅಂಟದೆ ಸುಮ್ಮನೆ ನಿಂತಿರುತ್ತಿತ್ತು. ಗೇಟು ತೆಗೆಯುವ ಮೊದಲು ಅದನ್ನು ತಿರುಗಿಸಿ ಪರೀಕ್ಷೆ ಮಾಡುತ್ತಿದ್ದರು. ಒಂದೊಂದು ತೊಟ್ಟಿಲಿಗೆ ಮನುಷ್ಯರ ತೂಕದ ಎರಡೆರಡು ಮೂಟೆ, ಅವಕ್ಕೆ ಬೆಲ್ಟು. ಮೂಟೆಗಳು ಮಂಜಿನಿಂದ ಮೇಲೆ ಬರುತ್ತಿದ್ದವು, ಒಂದು ಗಳಿಗೆ ಸಮುದ್ರ ನೋಡುತ್ತಿದ್ದವು, ಮತ್ತೆ ಮಂಜಿಗೆ ಇಳಿಯುತ್ತಿದ್ದವು. ಕೂಗಾಟ ಇಲ್ಲ, ನಗು ಇಲ್ಲ. ಒಂದು ಮೂಟೆ ಪಕ್ಕದ್ದರ ಹೆಗಲಿಗೆ ಒರಗಿರುತ್ತಿತ್ತು, ನನ್ನ ಗಂಡ ಬಂದರಿನ ಪಾಳಿ ಮುಗಿಸಿ ಬಸ್ಸಿನಲ್ಲಿ ನನಗೆ ಒರಗುತ್ತಿದ್ದ ಹಾಗೆ. ಅವನು ಸತ್ತು ಆಗಲೇ ಬಹಳ ಕಾಲವಾಗಿತ್ತು. ನನಗೆ ಅಳು ಬರಲಿಲ್ಲ. ಎಷ್ಟು ಭಾರ ಇದ್ದ ಅಂತ ನೆನಪಾಯಿತು, ಅಷ್ಟೆ.

ನಾವು ಹೊಸಪೇಟೆ ಕಡೆಯವರು. ಅದಿರಿನ ಗುತ್ತಿಗೆದಾರನ ಹಿಂದೆ ಗಂಡ ಈ ಬಂದರಿಗೆ ಬಂದ, ಅವನ ಹಿಂದೆ ನಾನು ಬಂದೆ. ಅವನು ಹೋದ ಮೇಲೆ ಮನೆಗೆಲಸ ಮಾಡಿದೆ, ಆಸ್ಪತ್ರೆಯಲ್ಲಿ ನೆಲ ಒರೆಸಿದೆ. ಕೊನೆಗೆ ಈ ಪರದೆ ಸಿಕ್ಕಿತು. ನೆರಳು, ಒಂದು ಫ್ಯಾನು, ಒಂದು ಪ್ಲಾಸ್ಟಿಕ್ ಕುರ್ಚಿ. ನನಗೆ ಸಾಕಾಗಿತ್ತು.

“ಚೇತುಲು ಎತ್ತಂಡಿ ಅಮ್ಮಾ” ಅನ್ನುತ್ತಿದ್ದೆ. ಕೈ ಎತ್ತಿ ತಾಯಿ ಅಂತ. ಎಲ್ಲರೂ ಎತ್ತುತ್ತಿದ್ದರು. ರೇಷ್ಮೆ ಸೀರೆಯವರೂ ಎತ್ತುತ್ತಿದ್ದರು, ಬುರ್ಖಾದವರೂ ಎತ್ತುತ್ತಿದ್ದರು, ಹೊಸ ಮದುವೆಯ ಹುಡುಗಿಯರೂ ಬಳೆ ಸದ್ದು ಮಾಡಿಕೊಂಡು ಎತ್ತುತ್ತಿದ್ದರು. ಬಿಸಿಲು ಪರದೆಯೊಳಗೆ ಬರುವಾಗ ಹಸಿರಾಗಿ ಬರುತ್ತಿತ್ತು. ಆ ಬೆಳಕಿನಲ್ಲಿ ಕೈ ಎತ್ತಿ ನಿಂತವರು ಕೆರೆಯ ತಳದಲ್ಲಿ ನಿಂತವರ ಹಾಗೆ ಕಾಣುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ನನ್ನ ಕೈ ತನ್ನಷ್ಟಕ್ಕೆ ಹೆಗಲು, ಸೊಂಟ, ಸೆರಗಿನ ಗಂಟು ಅಂತ ಹೋಗುತ್ತಿತ್ತು. ನಾನು ಎಲ್ಲೋ ಇರುತ್ತಿದ್ದೆ.

ಹೊರಗಿನ ತಿಂಡಿ ಒಳಗೆ ಬಿಡುವಂತಿಲ್ಲ. ಪುಳಿಹೋರ, ಲಡ್ಡು, ಎಲ್ಲ ನೀಲಿ ಡ್ರಮ್ಮಿಗೆ ಹೋಗುತ್ತಿತ್ತು. ಗಟ್ಟಿ ಸಾಮಾನಿಗೆ ಟೋಕನ್ ಕೊಟ್ಟು ಮೇಜಿನ ಕೆಳಗೆ ನೆಲದ ಮೇಲೆ ಇಡುತ್ತಿದ್ದೆವು. ತೆಂಗಿನಕಾಯಿಯೂ ಗಟ್ಟಿ ಸಾಮಾನಿನ ಲೆಕ್ಕ. ಮೇಲಿಂದ ಯಾರದಾದರೂ ಕೈ ಜಾರಿದರೆ ಕೆಳಗಿನವರ ತಲೆ ಒಡೆಯುತ್ತದೆ ಅಂತ ಸೂಪರ್‌ವೈಸರ್ ಹೇಳಿದ್ದ. ಗುಡಿಗೆ ಹೋಗಿ ಬಂದವರು ಇದಕ್ಕೆ ದಿನಾ ಜಗಳ ಆಡುತ್ತಿದ್ದರು.

ಆ ಚಳಿಗಾಲದಲ್ಲೇ ನನ್ನ ಮಗಳಿಗೆ ಒಂದು ಸಂಬಂಧ ಬಂತು. ಮಗಳು ಪರವಾಡದ ಔಷಧಿ ಫ್ಯಾಕ್ಟರಿಯಲ್ಲಿ ಮಾತ್ರೆ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಹುಡುಗ ವಿಜಯವಾಡದಲ್ಲಿ ಬ್ಯಾಂಕಿನ ಗುಮಾಸ್ತ, ಗದಗಿನ ಕಡೆಯವನು, ವರ್ಗವಾಗಿ ಬಂದು ತಾಯಿ, ತಂಗಿಯ ಜೊತೆ ಪಟಮಟದಲ್ಲಿ ಮನೆ ಮಾಡಿದ್ದ. ಮಧ್ಯಸ್ಥಿಕೆ ನಮ್ಮಣ್ಣನದು. ಅವನು ಅವರಿಗೆ ಹುಡುಗಿಯ ತಾಯಿ ಪಾರ್ಕಿನ ಆಫೀಸಿನಲ್ಲಿ ಇದ್ದಾಳೆ ಅಂತ ಹೇಳಿಬಿಟ್ಟಿದ್ದ. ನಾನು ಬೈದೆ. ಹಿಂದೆ ಒಂದು ಸಂಬಂಧ ನನ್ನ ಕೆಲಸ ಕೇಳಿಯೇ ಬಾಗಿಲಿಂದ ತಿರುಗಿ ಹೋಗಿತ್ತು. ಅದು ಗೊತ್ತಿದ್ದೇ ಹೀಗೆ ಹೇಳಿದೆ ಅಂತ ಅವನ ವಾದ. ಅವರು ಮನೆಯೊಳಗೆ ಕಾಲಿಟ್ಟ ಕೂಡಲೇ ನಾನೇ ಬಾಯಿಬಿಟ್ಟು ಹೇಳುತ್ತೇನೆ ಅಂದೆ.

“ಹೇಳಬೇ,” ಅಂದಳು ಮಗಳು. “ಬ್ಯಾಡ ಅಂದ್ರ ಬ್ಯಾಡ.”

ಹಾಗಂದವಳು ಹುಡುಗನ ಫೋಟೋವನ್ನು ಬುತ್ತಿಯ ಚೀಲದಲ್ಲಿ ಇಟ್ಟುಕೊಂಡಿದ್ದಳು. ದಿನಾ ಕಂಪನಿ ಬಸ್ಸಿನಲ್ಲಿ ಪರವಾಡಕ್ಕೆ ಹೋಗಿ ದಿನಾ ವಾಪಸ್ ಬರುತ್ತಿತ್ತು ಆ ಫೋಟೋ. ಅದರ ಮೂಲೆಗೆ ಸಾರಿನ ಕಲೆ ಹತ್ತಿತ್ತು. ಚೀಲ ತೊಳೆಯುವಾಗ ನೋಡಿ ಹಾಗೇ ಇಟ್ಟೆ. ಅವಳಿಗೆ ಏನು ಬೇಕು ಅಂತ ನನಗೆ ಆ ಕಲೆಯಲ್ಲಿ ತಿಳಿಯಿತು.

ಅವರು ಬರುವುದು ಭಾನುವಾರ ಅಂತ ಗೊತ್ತಾಗಿತ್ತು. ಶನಿವಾರ ಪಾರ್ಕಿಗೆ ಜನ ಮುರಿದುಕೊಂಡು ಬಿದ್ದಿದ್ದರು. ಮಧ್ಯಾಹ್ನ, ನನ್ನ ಕೈ ತನ್ನಷ್ಟಕ್ಕೆ ಹೋಗುವ ಹೊತ್ತು, ಪರದೆ ಸರಿಸಿ ಒಬ್ಬಳು ಬಂದಳು. ನನ್ನಷ್ಟೇ ವಯಸ್ಸು, ಉಟ್ಟಿದ್ದು ಇಳಕಲ್ ಸೀರೆ. ಆ ಕೆಂಪು ಸೆರಗು ನೋಡಿ ನನ್ನ ಕೈ ನಿಂತಿತು. ಅವಳು ಎದೆಗೆ ಚೀಲ ಅವಚಿಕೊಂಡೇ ಒಂದು ಕೈ ಎತ್ತಿದಳು, ಹೊರಗೆ ನಿಂತ ತನ್ನ ಮಗಳ ಕಡೆ ತಿರುಗಿ ಕನ್ನಡದಲ್ಲಿ ಅಂದಳು.

“ಎಂಥಾ ಕೆಲಸಬೇ ಇದು, ಕಂಡಕಂಡವರ ಮೈ ಮುಟ್ಟೋದು. ಹೊಟ್ಟಿಗಿ ಇಲ್ಲದಿದ್ರೂ ನಾ ಮಾಡಾಕಿ ಅಲ್ಲ.”

“ಸುಮ್ನಿರಬೇ, ಕೇಳಸ್ತೈತಿ,” ಅಂದಳು ಮಗಳು ಹೊರಗಿಂದ.

“ಕೇಳಸಲಿ ಬಿಡು. ತೆಲುಗಿನಾಕಿಗೆ ಏನ್ ತಿಳಿತೈತಿ.”

ಆ ಪರದೆಯೊಳಗೆ ನಾನು ಕನ್ನಡ ಕೇಳಿದ್ದು ಅದೇ ಮೊದಲು. ಚೀಲ ತಗೊಂಡು ಬಿಚ್ಚಿದೆ. ಹಸಿರು ಖಣದಲ್ಲಿ ಸುತ್ತಿದ ತೆಂಗಿನಕಾಯಿ, ಅರಿಷಿಣದ ಕೊಂಬು, ಅಡಿಕೆ, ಕಾಗದದಲ್ಲಿ ಸುತ್ತಿದ ಗಾಜಿನ ಬಳೆ. ಉಡಿ ತುಂಬುವ ಸಾಮಾನು. ಸುಮ್ಮನೆ ಹೆಣ್ಣು ನೋಡಲು ಹೋಗುವವರು ಇದನ್ನು ಕಟ್ಟಿಕೊಂಡು ಹೋಗುವುದಿಲ್ಲ. ಹೆಣ್ಣು ತಮ್ಮದೇ ಅಂತ ಮನಸ್ಸು ಮಾಡಿದವರು ಒಯ್ಯುತ್ತಾರೆ.

ಕಾಯಿ ಒಳಗೆ ಬಿಡುವಂತಿಲ್ಲ ಅಂತ ತೆಲುಗಿನಲ್ಲಿ ಹೇಳಿದೆ. ಅವಳು ಅದರ ಮೇಲೆ ಎರಡೂ ಕೈ ಇಟ್ಟಳು. ವಿಜಯವಾಡದ ಅಮ್ಮನವರ ಬೆಟ್ಟದಲ್ಲಿ ಪೂಜೆ ಮಾಡಿಸಿದ್ದು, ಪಟಮಟದಿಂದ ಇಲ್ಲೀ ತನಕ ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದೇನೆ, ನಾಳೆ ಹುಡುಗಿಯ ಉಡಿಗೆ ಹಾಕುವುದು, ಲಾಡ್ಜಿನಲ್ಲಿ ಬಿಟ್ಟರೆ ಯಾವನಾದರೂ ನೆಲಕ್ಕಿಟ್ಟಾನು ಅಂತ ಹೊತ್ತು ತಂದೆ, ಇವಳು ನೋಡಿದರೆ ಹೀಗೆ. ಇದನ್ನೆಲ್ಲ ಮಗಳಿಗೆ ಕನ್ನಡದಲ್ಲಿ ಹೇಳಿಕೊಂಡಳು. ನನಗೆ ಮಾತ್ರ ಮೂರು ಮಾತಿನ ತೆಲುಗಿನಲ್ಲಿ, ಕೆಳಗೆ ಇಡಬೇಡ, ಕೆಳಗೆ ಇಡಬೇಡ ಅಂತ ನೆಲ ತೋರಿಸಿ ತೋರಿಸಿ ಹೇಳಿದಳು.

ಪಟಮಟ, ನಾಳೆ, ಹುಡುಗಿ. ಇನ್ನು ಕೇಳುವುದು ಏನಿತ್ತು. ಹಿಂದೆ ಸಾಲು ಬಿಸಿಲಿನಲ್ಲಿ ಗೊಣಗುತ್ತಿತ್ತು. ಅಲ್ಲೇ ಹೇಳಿಬಿಡುವ ಮಾತಲ್ಲ ಅದು. ನಾನು ಕುರ್ಚಿಯ ಮೇಲೆ ನನ್ನ ಸೆರಗಿನಿಂದ ಒಂದು ಸಲ ಒರೆಸಿ, ಕಾಯಿಯನ್ನು ಖಣದ ಸಮೇತ ಅದರ ಮೇಲೆ ಕೂರಿಸಿದೆ. ಟೋಕನ್ ಕೊಟ್ಟೆ. ಅವಳು ತಿರುಗಿ ತಿರುಗಿ ನೋಡುತ್ತ ಒಳಗೆ ಹೋದಳು.

ಒಂದೇ ಕುರ್ಚಿ. ಅದರ ಮೇಲೆ ಕಾಯಿ ಕೂತಿತು, ನಾನು ನಿಂತೆ.

ಆ ಮಧ್ಯಾಹ್ನ ಈಗಲೂ ಅರೆನಿದ್ದೆಯಲ್ಲಿ ಕಂಡ ಹಾಗೆ ಕಾಣುತ್ತದೆ. ಒಳಗೆ ಬಂದ ಹೆಂಗಸರು ಕುರ್ಚಿ ನೋಡುತ್ತಿದ್ದರು. ಹಸಿರು ಖಣ, ಜುಟ್ಟು, ಕುಂಕುಮದ ಬೊಟ್ಟು. ಯಾವುದೋ ಅಮ್ಮನವರು ಅಂದುಕೊಂಡರು. ಒಬ್ಬಳು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಇನ್ನೊಬ್ಬಳು ಜಡೆಯಿಂದ ಒಂದು ತುಂಡು ಮಲ್ಲಿಗೆ ಕಿತ್ತು ಇಟ್ಟಳು. ಆಮೇಲೆ ಬಂದವರು ಹೂವು ನೋಡಿ ಹೂವು ಇಟ್ಟರು. ಯಾರೂ ಜಗಳ ಆಡಲಿಲ್ಲ. ಕೈ ಎತ್ತಿ ಅನ್ನುವ ಮೊದಲೇ ಎತ್ತಿದರು, ನನಗೋ ಕಾಯಿಗೋ ಗೊತ್ತಿಲ್ಲ. ಅದು ದೇವರಲ್ಲ ಅಂತ ಹೇಳುವುದಕ್ಕೆ ನನಗೆ ಪುರುಸೊತ್ತು ಇರಲಿಲ್ಲ.

ಹರಕಿನಲ್ಲಿ ನೋಡಿದರೆ ಚಕ್ರ ತಿರುಗುತ್ತಿತ್ತು. ಅಂದು ಯಾಕೋ ಮಧ್ಯಾಹ್ನವೂ ತಿರುಗಿಸುತ್ತಿದ್ದರು. ಬೇಲಿಯ ಹತ್ತಿರ ಜನ ತಲೆ ಎತ್ತಿ ನಿಂತಿದ್ದರು, ಅವರ ನಡುವೆ ಒಂದು ಕೆಂಪು ಸೆರಗು. ಮೂಟೆಗಳು ಮೇಲೆ ಹೋದವು, ಕೆಳಗೆ ಬಂದವು. ನನ್ನ ಕಾಲು ಮರಗಟ್ಟಿತ್ತು. ನಾನೂ ಒಂದು ಮೂಟೆ, ನನಗೂ ಯಾರೋ ಬೆಲ್ಟು ಕಟ್ಟಿದ್ದಾರೆ, ಇನ್ನೇನು ಎತ್ತುತ್ತಾರೆ ಅನ್ನಿಸುತ್ತಿತ್ತು. ಸೂಪರ್‌ವೈಸರ್ ಇಣುಕಿ, ಯಾಕೆ ನಿಂತಿದ್ದೀ ಅಂದ. ಕೂತರೆ ನಿದ್ದೆ ಬರುತ್ತದೆ ಅಂದೆ.

ಸಂಜೆ ಅವಳು ಟೋಕನ್ ಹಿಡಿದು ಬಂದಳು. ಮಗಳನ್ನು ಹೊರಗೇ ನಿಲ್ಲಿಸಿ ಬಂದಿದ್ದಳು. ಕಾಯಿ ಇಟ್ಟಲ್ಲೇ ಇತ್ತು, ಸುತ್ತ ಮಲ್ಲಿಗೆ. ಅದನ್ನು ನೋಡಿದಳು, ಆಮೇಲೆ ಮೇಜಿಗೆ ಒರಗಿ ನಿಂತ ನನ್ನನ್ನು ನೋಡಿದಳು, ಆಮೇಲೆ ನನ್ನ ಪಾದ. ಅವು ಊದಿ ಚಪ್ಪಲಿಯ ಪಟ್ಟಿಯಿಂದ ಹೊರಗೆ ಬಂದಿದ್ದವು.

“ಅಯ್ಯ, ಇಡೀ ದಿನ ನಿಂತಾಳೇನು ಈಕಿ,” ಅಂದಳು ತನ್ನಷ್ಟಕ್ಕೆ.

“ಉಡಿ ಕಾಯಿ ನೆಲಕ್ಕ ಇಡಬಾರದಲ್ಲರಿ,” ಅಂದೆ.

ಅವಳ ಮುಖದ ಬಣ್ಣ ಹೋಯಿತು. ಮಧ್ಯಾಹ್ನ ಅಂದದ್ದು ಒಂದೊಂದೇ ಅವಳಿಗೆ ನೆನಪಾಗುವುದು ನನಗೆ ಕಾಣಿಸಿತು. ನಾನು ತಡ ಮಾಡಲಿಲ್ಲ.

“ನಾಳಿ ನೀವು ನೋಡಾಕ ಬರೋದು ನನ್ನ ಮಗಳನ್ನ. ಆಫೀಸು ಅಂತ ನಮ್ಮಣ್ಣ ಹೇಳ್ಯಾನಲ್ಲ, ಅದು ಈ ಪರದೆ. ಇಷ್ಟು ವರ್ಷ ಇದನ್ನ ಮಾಡಿ ಅಕೀನ್ನ ಓದಿಸೀನಿ. ಬರಬೇಕು ಅನ್ನಿಸಿದ್ರ ಬರ್ರಿ. ಇಲ್ಲಾಂದ್ರ ಕಾಯಿ ತಗೊಂಡು ರೈಲು ಹತ್ರಿ. ನಾ ಏನೂ ತಿಳ್ಕೊಳ್ಳಂಗಿಲ್ಲ.”

ಅವಳು ಎರಡೂ ಕೈಯಿಂದ ಕಾಯಿ ಎತ್ತಿಕೊಂಡಳು. ಮಲ್ಲಿಗೆಯನ್ನು ಏನು ಮಾಡಬೇಕು ತಿಳಿಯದೆ ಅದನ್ನೂ ಖಣಕ್ಕೆ ಹಾಕಿಕೊಂಡಳು. ಪರದೆ ಸರಿಸಿ ಹೋದಳು. ನಾನು ಕುರ್ಚಿಯಲ್ಲಿ ಕೂತೆ. ಕುರ್ಚಿ ಹೂವಿನ ವಾಸನೆ ಬರುತ್ತಿತ್ತು.

ಮನೆಗೆ ಹೋಗಿ ಮಗಳಿಗೆ ಎಲ್ಲ ಹೇಳಿದೆ, ಹುಡುಗನ ತಾಯಿ ಅಂದ ಮಾತನ್ನೂ ಬಿಡದೆ. ಮಗಳು ಹುರುಳಿಕಾಯಿ ಮುರಿಯುತ್ತಿದ್ದಳು. ಛಲೋ ಆತು ಬಿಡು ಅಂದು ಮುರಿಯುತ್ತಲೇ ಇದ್ದಳು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಬುತ್ತಿಯ ಚೀಲದಿಂದ ಫೋಟೋ ತೆಗೆದು, ಕಪಾಟಿನಲ್ಲಿ ಹಾಸಿದ್ದ ಪೇಪರಿನ ಕೆಳಗೆ ಬೋರಲು ಇಟ್ಟಳು. ನಾನು ನೋಡಿದ್ದು ಅವಳಿಗೆ ಗೊತ್ತಾಗಲಿಲ್ಲ.

ಭಾನುವಾರ ಉಪ್ಪಿಟ್ಟು ಮಾಡಿದೆ, ಶಿರಾ ಮಾಡಿದೆ. ಬರುವ ಹೊತ್ತು ಮೀರಿತು. ಉಪ್ಪಿಟ್ಟು ತಣ್ಣಗಾಗಿ ಗಟ್ಟಿಯಾಯಿತು. ನಮ್ಮಣ್ಣ ಬೀದಿಗೆ ಹೋಗುವುದು, ತನ್ನ ಮೊಬೈಲು ನೋಡುವುದು, ಒಳಗೆ ಬಂದು ನನ್ನನ್ನು ಬೈಯುವುದು. ನಿನ್ನ ನಾಲಿಗೆಗೆ ಒಂದು ದಿನ ತಡೆಯಲಿಕ್ಕೆ ಆಗಲಿಲ್ಲವೇ ಅಂತ. ಮಗಳು ಸೀರೆ ಬದಲಾಯಿಸುತ್ತೇನೆ ಅಂತ ಎದ್ದಳು. ಅಷ್ಟರಲ್ಲಿ ಬೀದಿಯಲ್ಲಿ ಆಟೋ ನಿಂತಿತು.

ಮೊದಲು ಹುಡುಗ ಇಳಿದ, ಆಮೇಲೆ ಅವನ ತಂಗಿ, ಆಮೇಲೆ ಅವಳು. ಎದೆಗೆ ಅದೇ ಚೀಲ. ನಮ್ಮಣ್ಣ ಆಫೀಸಿನ ವಿಷಯಕ್ಕೆ ಏನೋ ಸಮಜಾಯಿಷಿ ಶುರುಮಾಡಿದ. ಅವಳು ಕೇಳಿಸಿಕೊಳ್ಳಲಿಲ್ಲ. ದೊಡ್ಡವರು ಕೂರಲಿ ಅಂತ ನಮ್ಮ ಮನೆಯ ಒಂದೇ ಕುರ್ಚಿಯನ್ನು ನಡುಮನೆಯಲ್ಲಿ ಹಾಕಿದ್ದೆವು. ಅವಳು ಅದನ್ನು ಎಳೆದುಕೊಂಡು ಅಡುಗೆಮನೆಯ ಬಾಗಿಲಿಗೆ, ನಾನು ನಿಂತಿದ್ದ ಕಡೆಗೆ ತಂದಳು.

“ನಿನ್ನಿ ದಿನಾ ಪೂರಾ ನಿಂತೀರಿ,” ಅಂದಳು. “ಮೊದಲ ನೀವು ಕುಂದ್ರಿ.”

ನಾನು ಕೂತೆ. ಅವಳು ನೆಲದ ಮೇಲೆ, ಚಾಪೆಯ ಮೇಲೆ ಕೂತಳು, ಕಾಯಿ ತೊಡೆಯ ಮೇಲೆ.

“ಅಂದದ್ದು ಅಂದೀನಿ,” ಅಂದಳು ಆಮೇಲೆ. “ಕಾಯಿ ಆದ್ರ ವಾಪಸ್ ತಗೊಳ್ಳಾಕ ಬರ್ತೈತಿ, ಮಾತು ಎಲ್ಲಿಂದ ತಗೊಳ್ಳಲಿ. ಹುಡುಗೀನ್ನ ಕರೀರಿ.”

ತಡವಾದದ್ದಕ್ಕೆ ಕಾರಣ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಲಾಡ್ಜಿನಲ್ಲಿ ಬೆಳಗ್ಗೆಯೆಲ್ಲ ಏನೋ ಮಾತುಕತೆ ನಡೆದಿರಬೇಕು. ಹುಡುಗನ ಕಣ್ಣು ಕೆಂಪಗಿದ್ದವು. ಮಗಳು ಬಂದು ಸೆರಗು ಒಡ್ಡಿದಳು. ಕಾಯಿ ಅದರೊಳಗೆ ಬಿತ್ತು, ಖಣ, ಅರಿಷಿಣ, ಬಳೆ, ಕಂದಿದ ನಾಲ್ಕು ಮಲ್ಲಿಗೆಯೂ. ಆ ತಣ್ಣನೆಯ ಉಪ್ಪಿಟ್ಟನ್ನು ಎಲ್ಲರೂ ತಿಂದರು.

ಮದುವೆಯಾಗಿ, ಬೇಸಿಗೆ ಬಂದ ಮೇಲೆ ಚಕ್ರ ಶುರುವಾಯಿತು. ಬೋರ್ಡು ಕಿತ್ತರು, ಮೂಟೆಗಳನ್ನು ಇಳಿಸಿ ಬೇಲಿಯ ಪಕ್ಕ ಒಟ್ಟಿದರು. ವಿಜಯವಾಡದಿಂದ ಎಲ್ಲರೂ ಬಂದರು. ನನ್ನ ಪರದೆಯೊಳಗೆ ಬೀಗಿತ್ತಿ ಬಂದಳು, ನಾನು ಬಾಯಿ ತೆಗೆಯುವ ಮೊದಲೇ ಎರಡೂ ಕೈ ಎತ್ತಿ ನಿಂತಳು. ಹೆಗಲು, ಸೊಂಟ, ಸೆರಗಿನ ಗಂಟು ಎಲ್ಲ ನೋಡಿದೆ. ಚೀಲದಲ್ಲಿ ಚಕ್ಕುಲಿಯ ಡಬ್ಬಿ ಇತ್ತು. ಡಬ್ಬಿ ಇಟ್ಟುಕೊಂಡು ಚಕ್ಕುಲಿಯನ್ನು ಡ್ರಮ್ಮಿಗೆ ಸುರುವಿದೆ. ಬೀಗಿತ್ತಿ ಅಂತ ಬಿಟ್ಟರೆ ಹಿಂದಿನವರು ಸುಮ್ಮನಿರುತ್ತಾರೆಯೇ. ಅವಳು ಚಕ್ಕುಲಿ ಬೀಳುವುದನ್ನೇ ನೋಡುತ್ತ ನನಗೆ ಏನೋ ಬೈದಳು, ಈ ಸಲ ನನಗೆ ಕೇಳಿಸಲಿ ಅಂತಲೇ.

ಆಮೇಲೆ ಹರಕಿನಲ್ಲಿ ನೋಡಿದೆ. ಚಕ್ರ ನಿಧಾನಕ್ಕೆ ತಿರುಗುತ್ತಿತ್ತು. ಮೂಟೆ ಒರಗಿದ್ದ ಹಾಗೇ ಒಂದು ತೊಟ್ಟಿಲಲ್ಲಿ ಕೆಂಪು ಸೆರಗಿನ ಬೀಗಿತ್ತಿ ನನ್ನ ಮಗಳ ಹೆಗಲಿಗೆ ಒರಗಿದ್ದಳು. ಮೇಲೆ ಹೋದರು, ಸಮುದ್ರದ ಬೆಳಕಿನಲ್ಲಿ ಸ್ವಲ್ಪ ಹೊತ್ತು ನಿಂತರು, ಕೆಳಗೆ ಬಂದರು. ಎಷ್ಟು ಅಚ್ಚುಕಟ್ಟಾಗಿ ಕೂತು ನೋಡುತ್ತಿದ್ದಾಳೆ ಅಂದುಕೊಂಡೆ. ಹತ್ತಿದಾಗಿನಿಂದ ಇಳಿಯುವವರೆಗೆ ಅವಳು ಹೆದರಿ ಕಣ್ಣು ಮುಚ್ಚಿಕೊಂಡಿದ್ದಳಂತೆ, ಸಮುದ್ರ ನೋಡಲೇ ಇಲ್ಲವಂತೆ. ಮಗಳು ಆಮೇಲೆ ಹೇಳಿದಳು.