ಸುಶೀಲಾ, ನಿಮ್ಮ ಫೋನು ಬಂದಿತ್ತು

ಸುಶೀಲಾ, ಆ ಬೆಳಿಗ್ಗೆ ನೀವು ನನಗೆ ಫೋನ್ ಮಾಡಿದ್ದಿರಿ. ಮಾಡಲೇ ಇಲ್ಲವೆಂದು ನಾನು ಸುಳ್ಳು ಹೇಳಿದೆ. ಆ ಸುಳ್ಳಿನಿಂದ ನಾನು ಉಳಿದುಕೊಂಡೆ, ನೀವು ಮನೆಯವರ ಕಣ್ಣಲ್ಲೂ ತಪ್ಪಿತಸ್ಥರಾದಿರಿ.

ಆಗ ನಾನು ಶ್ರೀರಂಗಪಟ್ಟಣದಲ್ಲಿ ಸಣ್ಣ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದೆ. ಕೆ.ಆರ್. ಪೇಟೆಯ ಹೊರಗೆ ಹಾಲು ತಣ್ಣಗಾಗಿಸುವ ಖಾಸಗಿ ಘಟಕವೊಂದಕ್ಕೆ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಯಂತ್ರದ ಕೋಣೆಯಲ್ಲಿ ತಂಪು ಮಾಡಲು ಬಳಸುವ ಅಮೋನಿಯಾ ವಿಷಾನಿಲ ಸೋರಿದರೆ ಕಂಪ್ಯೂಟರ್ ಗಂಟೆ ಬಾರಿಸಬೇಕು — ಅದೇ ಅದರ ಮುಖ್ಯ ಕೆಲಸ. ಅದರ ಮುಂದೆ ಕೂರುತ್ತಿದ್ದವರು ನೀವು, ದಿನಾ ನಿಮ್ಮೂರು ಶೀಳನೆರೆಯಿಂದ ಬಸ್ಸಿನಲ್ಲಿ ಬಂದು. ಒಳಗೆ ಯಂತ್ರ ನೋಡಿಕೊಳ್ಳುತ್ತಿದ್ದ ನಿಂಗೇಗೌಡರು ನಿಮ್ಮ ಚಿಕ್ಕಪ್ಪ; ಮನೆಯವರನ್ನೆಲ್ಲ ಒಪ್ಪಿಸಿ ನಿಮ್ಮನ್ನು ಕೆಲಸಕ್ಕೆ ಸೇರಿಸಿದವರೂ ಅವರೇ.

೧೯೯೬ರ ಫೆಬ್ರವರಿ ಇಪ್ಪತ್ತೊಂಬತ್ತು. ಬೆಳಿಗ್ಗೆ ಫೋನಿನಲ್ಲಿ ನಿಮ್ಮ ದನಿ: “ಅಣ್ಣ, ಕಂಪ್ಯೂಟರ್ ನಿಂತೋಗ್ಬುಟ್ಟದೆ. ಎರಡ್ ಸಲ ಆನ್ ಮಾಡ್ದೆ, ಅಂಗೇ ನಿಂತ್ಕತದೆ. ಗಂಟೆ ಒಡೀತದೋ ಇಲ್ವೋ, ಭಯ ಆಯ್ತದೆ.”

ಅಂಗಡಿಯಲ್ಲಿ ಗಿರಾಕಿಗಳಿದ್ದರು. “ಏನೂ ಆಗಲ್ಲಮ್ಮ, ಸಂಜೆ ಬಂದು ನೋಡ್ತೀನಿ,” ಎಂದು ಫೋನ್ ಇಟ್ಟೆ.

ಇಟ್ಟ ಮೇಲೆ ಗೋಡೆಯ ಕ್ಯಾಲೆಂಡರಿನ ಕಡೆ ಕಣ್ಣು ಹೋಯಿತು. ಪ್ರೋಗ್ರಾಮಿನಲ್ಲಿ ಫೆಬ್ರವರಿಗೆ ಇಪ್ಪತ್ತೆಂಟೇ ದಿನವೆಂದು ಬರೆದಿದ್ದೆ — ಅಧಿಕ ವರ್ಷವನ್ನು ಮರೆತೇಬಿಟ್ಟಿದ್ದೆ. ತನಗೆ ಗೊತ್ತಿಲ್ಲದ ತಾರೀಖು ಎದುರಾದೊಡನೆ ಪ್ರೋಗ್ರಾಂ ಸತ್ತು ಬೀಳುತ್ತಿತ್ತು. ತಾರೀಖನ್ನು ಒಂದು ದಿನ ಹಿಂದಕ್ಕೆ ಹಾಕಿ ಎಂದು ನಿಮಗೆ ಹೇಳಿದ್ದರೆ ಸಾಕಿತ್ತು. ಫೋನೆತ್ತಿದೆ. ಆದರೆ ಹೇಳಿದರೆ ತಪ್ಪು ನನ್ನದೆಂದು ಗೊತ್ತಾಗುತ್ತದಲ್ಲ — ಮತ್ತೆ ಕೆಳಗಿಟ್ಟೆ. ಸಂಜೆ ಹೋಗಿ ಸದ್ದಿಲ್ಲದೆ ಸರಿಪಡಿಸಿದರಾಯಿತು ಎಂದುಕೊಂಡೆ.

ಮಧ್ಯಾಹ್ನವೇ ಪೈಪು ಸೋರಿತು. ಗಂಟೆ ಹೊಡೆದುಕೊಳ್ಳಲಿಲ್ಲ. ಒದ್ದೆ ಸೆರಗನ್ನು ಮುಖಕ್ಕೆ ಕಟ್ಟಿಕೊಂಡು ಒಳನುಗ್ಗಿ ನಿಂಗೇಗೌಡರನ್ನು ಎಳೆದು ತಂದವರು ನೀವು. ಅವರು ಬದುಕಿದರು. ಆದರೆ ದನಿ ಹೋಯಿತು. ಗದ್ದೆಯ ಬದು ಹತ್ತಿದರೂ ಉಸಿರು ಕಟ್ಟುತ್ತಿತ್ತಂತೆ.

ಮಾರನೆಯ ದಿನ ಮಾಲೀಕರು ನಮ್ಮಿಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡರು. “ಈ ಹುಡುಗಿ ನಿಮಗೆ ಫೋನ್ ಮಾಡಿದ್ಲಾ?”

“ಇಲ್ಲ,” ಎಂದೆ.

ನೀವು ಅಳಲಿಲ್ಲ. “ಅಣ್ಣ, ನೀವೇ ಮಾತಾಡುದ್ರಲ್ಲ...” ಎಂದಿರಿ, ಅಷ್ಟೇ. ಬಾಗಿಲಲ್ಲಿ ನಿಂತಿದ್ದ ನಿಮ್ಮ ಅಪ್ಪ ನೆಲ ನೋಡುತ್ತಲೇ, “ಚಿಕ್ಕಪ್ಪ ಒಳಗವ್ನೆ ಅಂತ ಗೊತ್ತಿದ್ದೂ ಸುಮ್ನೆ ಕುಂತಿದ್ದಲ್ಲವ್ವ. ನಡಿ ಮನೆಗೆ,” ಎಂದರು.

ನಿಮ್ಮ ಕೆಲಸ ಹೋಯಿತು. ನಾನು ಪ್ರೋಗ್ರಾಮನ್ನು ಗುಟ್ಟಾಗಿ ತಿದ್ದಿದೆ. ಆದರೆ ಹೆದರಿಕೆ — ಅದನ್ನು ತಿದ್ದಲಾಗಲಿಲ್ಲ. ಫೋನು ಹೊಡೆದುಕೊಂಡರೆ ಎತ್ತದೆ ಅಂಗಡಿಯ ಹೊರಗೆ ಹೋಗಿ ನಿಲ್ಲುತ್ತಿದ್ದೆ. ಶೀಳನೆರೆ ಬೋರ್ಡಿನ ಬಸ್ಸು ಕಂಡರೆ ಕಂಬದ ಮರೆಗೆ ಸರಿಯುತ್ತಿದ್ದೆ. ನೀವು ಬೈದರೆ ಎಂದಲ್ಲ. ಸುಮ್ಮನೆ ನನ್ನನ್ನೇ ನೋಡುತ್ತ ನಿಂತರೆ...

ನಿಂಗೇಗೌಡರು ಹೋಗಿಬಿಟ್ಟರೆಂದು ಹೋದ ವಾರ ಪಾಂಡವಪುರದ ಸಂತೆಯಲ್ಲಿ ಯಾರೋ ಹೇಳಿದರು. ಕೇಳಿದ ಕ್ಷಣ ನನಗೆ ಆದದ್ದು ದುಃಖವಲ್ಲ, ನಿರಾಳ — ಇನ್ನು ಅವರಿಗೆ ಹೇಳಬೇಕಾಗಿಲ್ಲ ಎಂದು. ಆ ನಿರಾಳಕ್ಕೆ ಹೆದರಿದಷ್ಟು ನಾನು ಇನ್ನಾವುದಕ್ಕೂ ಹೆದರಿಲ್ಲ. ಸತ್ಯ ತಿಳಿಯದೆಯೇ ಅವರು ಹೋದರು.

ನಿಮ್ಮ ಅಪ್ಪ ಇನ್ನೂ ಇದ್ದಾರಂತೆ. ನಾಳೆ ಶೀಳನೆರೆಗೆ ಹೋಗಿ ಮೊದಲು ಅವರಿಗೆ ಹೇಳುತ್ತೇನೆ, ಆಮೇಲೆ ನಿಮ್ಮ ಚಿಕ್ಕಮ್ಮನಿಗೆ. ಕ್ಷಮೆ ಕೇಳುವುದಿಲ್ಲ, ಕೇಳುವ ಬಾಯಿ ನನಗಿಲ್ಲ. ಅವರು ಏನು ಮಾಡುತ್ತಾರೋ ತಿಳಿಯದು. ಆದರೂ ಹೋಗುತ್ತೇನೆ.